ದುಬಾಯ್ ಆಸೆ ಬಿಟ್ಟ ಊರುಗಳು

ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಮೈಸೂರು ಸೀಮೆ ಬಿಟ್ಟು ಫ್ರಾನ್ಸಿಗೆ ಹಡಗು ಹತ್ತಿದ್ದು 1823ರಲ್ಲಿ. ಅದೇ ವರ್ಷ ಲಂಡನ್ನಿನಲ್ಲಿ ಅವರ ಪತ್ರಗಳು ಪುಸ್ತಕವಾಗಿ ಅಚ್ಚಾದವು. ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಗತಿ ಹೇಗಿದೆ ಎಂಬುದೇ ಅವುಗಳ ವಿಷಯ. ಅಲ್ಲಿ ಅವರು ಕೊಟ್ಟ ತೀರ್ಪು ಕಠೋರವಾದದ್ದು. ಈ ನೆಲದ ಜನ ಕ್ರೈಸ್ತರಾಗುವುದು ಆಗಹೋಗದ ಮಾತು, ಇರುವ ಕ್ರೈಸ್ತರೂ ದಿನೇದಿನೇ ಕಡಿಮೆಯಾಗುತ್ತಿದ್ದಾರೆ, ಇನ್ನು ಆಸೆ ಇಟ್ಟುಕೊಂಡು ಫಲವಿಲ್ಲ. ಹೀಗೆಂದವರು ದೂರದಲ್ಲಿ ಕೂತು ಬರೆದ ಪಂಡಿತರಲ್ಲ. ಮೂವತ್ತು ವರ್ಷದಷ್ಟು ಕಾಲ ದಕ್ಷಿಣ ಭಾರತದಲ್ಲಿ ಬಾಳಿ, ಇಲ್ಲಿಯವರ ಹಾಗೆ ಉಟ್ಟು, ಮಾಂಸ ಬಿಟ್ಟು, ಜನರ ಬಾಯಲ್ಲಿ ‘ದೊಡ್ಡಸ್ವಾಮಿಯೋರು’ ಅನ್ನಿಸಿಕೊಂಡ ಗುರು.

ನಾನು ಹುಟ್ಟಿದ್ದು ಅವರು ಆಸೆ ಬಿಟ್ಟ ಜನರ ನಡುವೆ, ಮೈಸೂರಿನ ಒಂದು ಕನ್ನಡ ಕ್ರೈಸ್ತ ಮನೆಯಲ್ಲಿ. ಡಿಸೆಂಬರಿನಲ್ಲಿ ನಮ್ಮಮ್ಮ ಕಜ್ಜಾಯ ಸುಡುತ್ತಿದ್ದರು, ನಾವು ಮಕ್ಕಳು ರಾಗಿ ಪೈರು ಬೆಳೆಸಿ ಗೋದಲಿ ಕಟ್ಟುತ್ತಿದ್ದೆವು. ನವೆಂಬರ್ 2ರ ಸಮಾಧಿ ಹಬ್ಬಕ್ಕೆ ಅಜ್ಜನ ಗೋರಿಗೆ ಸುಣ್ಣ ಬಳಿದು ಚೆಂಡುಹೂವಿನ ಹಾರ ಹಾಕುತ್ತಿದ್ದೆವು. ಆದರೂ ಹೆಸರು ಕೇಳಿದವರು ತಕ್ಷಣ ಕೇಳುವುದು ಒಂದೇ: “ನಿಮ್ಮದು ಮಂಗಳೂರಾ, ಗೋವಾನಾ?” ಮೈಸೂರು ಅಂದರೆ, “ಅಲ್ಲ, ಮೂಲ ಎಲ್ಲಿ?” ಕೇಳುವವರಲ್ಲಿ ಕೇಡೇನೂ ಇರುವುದಿಲ್ಲ. ನನಗೆ ಮಾತ್ರ ಪ್ರತಿ ಸಲವೂ ಅದು ನಾಟುತ್ತದೆ. ಈ ಬೇಸಿಗೆಯಲ್ಲಿ, ಪಾಸ್ಕ (ಈಸ್ಟರ್) ಹಬ್ಬ ಮುಗಿದ ಮೇಲೆ, ದುಬಾಯ್ ಓಡಾಡಿದ ಊರುಗಳನ್ನೂ ಅವರ ತೀರ್ಪಿನ ನಂತರವೂ ಉಳಿದ ಊರುಗಳನ್ನೂ ನೋಡಿ ಬರೋಣ ಎಂದು ಹೊರಟೆ.

ಮೈಸೂರಿನಿಂದಲೇ ಶುರು ಮಾಡಬೇಕಾದ್ದರಿಂದ ಮೊದಲು ಸಂತ ಫಿಲೋಮಿನಾ ಚರ್ಚು. ಪ್ರವಾಸಿಗರೆಲ್ಲ 175 ಅಡಿ ಎತ್ತರದ ಆ ಎರಡು ಗೋಪುರಗಳನ್ನು ನೋಡಿ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅದೇ ಜಾಗದಲ್ಲಿ 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲೇ ಒಂದು ಚರ್ಚು ಎದ್ದಿತ್ತು. ಈಗಿನ ಕಟ್ಟಡಕ್ಕೆ 1933ರಲ್ಲಿ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಅವರ ಹುಜೂರ್ ಕಾರ್ಯದರ್ಶಿಯಾಗಿದ್ದ ತಂಬೂ ಚೆಟ್ಟಿಯವರು ಸಂತಳ ಅಸ್ಥಿಯ ಒಂದು ತುಣುಕನ್ನು ತರಿಸಿಕೊಂಡಿದ್ದರು, ಅದು ಇವತ್ತಿಗೂ ನೆಲಮಾಳಿಗೆಯಲ್ಲಿದೆ. ನನಗೆ ಆ ನೆಲಮಾಳಿಗೆಯೇ ಹೆಚ್ಚು ಇಷ್ಟ. 1961ರಲ್ಲಿ ರೋಮ್ ತನ್ನ ಪೂಜಾ ಪಂಚಾಂಗದಿಂದ ಫಿಲೋಮಿನಾಳ ಹಬ್ಬವನ್ನು ತೆಗೆದುಹಾಕಿತು, ಆಕೆಯ ಚರಿತ್ರೆಗೆ ಸಾಕಷ್ಟು ಆಧಾರವಿಲ್ಲವೆಂದು. ಮೈಸೂರಿನ ಹೆಂಗಸರು ಆ ಸುದ್ದಿಯನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಹೋದಾಗಲೂ ಕಾಲೇಜು ಹುಡುಗಿಯೊಬ್ಬಳು ಚಪ್ಪಲಿ ಕೈಲಿ ಹಿಡಿದು ಮೆಟ್ಟಿಲಿಳಿದು ಬಂದು, ಮಲಗಿದ ಪ್ರತಿಮೆಯ ಮುಂದೆ ಕಣ್ಣು ಮುಚ್ಚಿ ನಿಂತಿದ್ದಳು. ಹಾಲ್ ಟಿಕೆಟ್ಟು ಅವಳ ಪುಸ್ತಕದಿಂದ ಇಣುಕುತ್ತಿತ್ತು.

ಶ್ರೀರಂಗಪಟ್ಟಣದ ಗಂಜಾಂ ಅಲ್ಲಿಂದ ಅರ್ಧ ಗಂಟೆಯ ಹಾದಿ. ಒಂದು ಕಡೆ ಹೈದರ್ ಮತ್ತು ಟಿಪ್ಪು ಮಲಗಿರುವ ಗುಂಬಜ್, ಇನ್ನೊಂದು ಕಡೆ ಕಾವೇರಿಯ ದಡದಲ್ಲಿ ನಿಮಿಷಾಂಬ, ಇವೆರಡರ ನಡುವಿನ ಊರಿನಲ್ಲಿ ದುಬಾಯ್ ಹೆಸರು ಹೊತ್ತ ಚರ್ಚು. ಇಲ್ಲಿ ನಿಂತರೆ ಇತಿಹಾಸ ಹಗುರವಾಗಿ ಬರುವುದಿಲ್ಲ. 17ನೆಯ ಶತಮಾನದ ನಡುವಿನಲ್ಲಿ ಲಿಯೊನಾರ್ಡೊ ಚಿನ್ನಮಿ ಎಂಬ ಇಟಲಿಯ ಯೇಸುಸಭೆಯ (ಜೆಸ್ವಿಟ್) ಗುರು ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಶುರುಮಾಡಿದರು, ಕನ್ನಡ ಕಲಿತು ಕನ್ನಡದಲ್ಲೇ ಬರೆದರು. ನೂರು ವರ್ಷಕ್ಕೂ ಮೀರಿ ನಡೆದ ಆ ಕೆಲಸಕ್ಕೆ 1773ರಲ್ಲಿ ಪೋಪರು ಯೇಸುಸಭೆಯನ್ನೇ ವಿಸರ್ಜಿಸಿದಾಗ ಆಸರೆ ತಪ್ಪಿತು. ಆಮೇಲೆ 1784ರಲ್ಲಿ ಟಿಪ್ಪು ಸುಲ್ತಾನ ಕರಾವಳಿಯ ಕ್ರೈಸ್ತರನ್ನು ಹಿಡಿಸಿ ಘಟ್ಟ ಹತ್ತಿಸಿ ಇಲ್ಲಿಗೆ ಕರೆತಂದ. ದಾರಿಯಲ್ಲಿ ಸತ್ತವರೆಷ್ಟೋ, ಸೆರೆಯಲ್ಲಿ ಸತ್ತವರೆಷ್ಟೋ, ಧರ್ಮ ಬದಲಾಯಿಸಬೇಕಾಗಿ ಬಂದವರೆಷ್ಟೋ. 1799ರಲ್ಲಿ ಕೋಟೆ ಬಿದ್ದ ಮೇಲೆ ಬದುಕುಳಿದ ಬಹಳಷ್ಟು ಮಂದಿ ಕರಾವಳಿಗೆ ಮರಳಿದರು. ಬಯಲುಸೀಮೆಯ ಕನ್ನಡ ಕ್ರೈಸ್ತರಿಗೆ ಮರಳಿ ಹೋಗಲು ಬೇರೆ ಊರೆಂಬುದೇ ಇರಲಿಲ್ಲ. ಚದುರಿಹೋಗಿದ್ದ ಅವರನ್ನು ಒಟ್ಟುಗೂಡಿಸಲು ಬಂದವರು ದುಬಾಯ್.

ಅವರ ಹೆಸರು ಲೋಕಕ್ಕೆ ಗೊತ್ತಿರುವುದು ಹಿಂದೂಗಳ ಆಚಾರ ವಿಚಾರ ಕುರಿತ ದೊಡ್ಡ ಪುಸ್ತಕದಿಂದ. ಈಸ್ಟ್ ಇಂಡಿಯಾ ಕಂಪನಿ ಅದರ ಹಸ್ತಪ್ರತಿಯನ್ನು 2,000 ವರಹ ಕೊಟ್ಟು ಕೊಂಡು 1816ರಲ್ಲಿ ಅಚ್ಚು ಹಾಕಿಸಿತು. ಅದರಲ್ಲಿ ಬಹುಪಾಲು ಹಿಂದಿನ ತಲೆಮಾರಿನ ಕೂರ್ದು ಎಂಬ ಯೇಸುಸಭೆಯ ಗುರುವಿನ ಬರಹದಿಂದ ಬಂದದ್ದೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟಿದ್ದಾರೆ. ಪುಸ್ತಕದ ಕೀರ್ತಿ ಯಾರಿಗಾದರೂ ಸೇರಲಿ. ನನ್ನ ಕಣ್ಣಿಗೆ ದುಬಾಯ್ ಮಾಡಿದ ದೊಡ್ಡ ಕೆಲಸಗಳು ಎರಡು. ಸಿಡುಬು ಹಳ್ಳಿಹಳ್ಳಿಗಳನ್ನೇ ಬಳಿದುಕೊಂಡು ಹೋಗುತ್ತಿದ್ದ ಕಾಲದಲ್ಲಿ ಮನೆಮನೆಯವರನ್ನು ಒಪ್ಪಿಸಿ ದೇವಿ ಹಾಕಿಸಿದ್ದು ಒಂದು. ನೆಲೆಯಿಲ್ಲದವರಿಗೆ ಉಳುವ ನೆಲ ಹುಡುಕಿ ಊರು ಕಟ್ಟಿಕೊಟ್ಟದ್ದು ಇನ್ನೊಂದು.

ಪಾಲಹಳ್ಳಿಗೆ ಭಾನುವಾರ ಬೆಳಿಗ್ಗೆ ಹೋದೆ. ಕಬ್ಬಿನ ಗದ್ದೆ, ಆಲೆಮನೆಯ ಹೊಗೆ, ನಾಲೆಯ ಏರಿ ದಾಟಿದರೆ ಊರು. ಪೂಜೆ ಶುರುವಾಗುವ ಹೊತ್ತಿಗೆ ಹೆಂಗಸರು ಮುಡಿ ತುಂಬ ಮಲ್ಲಿಗೆ ಮುಡಿದು, ಸೆರಗು ತಲೆಗೆ ಹೊದ್ದು ಒಂದು ಕಡೆ ಕೂತಿದ್ದರು, ಗಂಡಸರು ಇನ್ನೊಂದು ಕಡೆ. ನನ್ನ ಮುಂದಿನ ಸಾಲಿನಲ್ಲಿದ್ದ ಹೊಸ ಮದುವಣಗಿತ್ತಿ ಬಗ್ಗಿ ಎದ್ದಾಗಲೆಲ್ಲ ಅವಳ ಅರಿಶಿನದ ದಾರದ ತಾಳಿ ಹೊರಗೆ ಬರುತ್ತಿತ್ತು. ಅದರ ಚಿನ್ನದ ಬೊಟ್ಟಿನ ಮೇಲೆ ಕಿರುಬೆರಳ ಉಗುರಿನಷ್ಟು ಶಿಲುಬೆ. ಗುರುಗಳು ಪ್ರಬೋಧನೆಯಲ್ಲಿ ಎಮ್ಮಾವುಸ್ ದಾರಿಯ ಕಥೆ ಹೇಳಿದರು. ಗುರುತು ಹತ್ತದ ಒಬ್ಬ ಪ್ರಯಾಣಿಕ ಇಬ್ಬರು ಶಿಷ್ಯರ ಜೊತೆ ನಡೆದುಬಂದು, ಸಂಜೆಯ ಊಟಕ್ಕೆ ರೊಟ್ಟಿ ಮುರಿದಾಗ ಅವನೇ ಯೇಸು ಎಂದು ಅವರಿಗೆ ತಿಳಿಯುತ್ತದೆ. ಎಷ್ಟೋ ಸಲ ಕೇಳಿದ ಕಥೆ. ಆದರೆ ಸುತ್ತ ಕೂತ ರೈತಾಪಿ ಜನ ಅದನ್ನು ಪಕ್ಕದೂರಿನಲ್ಲಿ ನೆನ್ನೆ ನಡೆದದ್ದೆಂಬಂತೆ ಕೇಳುತ್ತಿದ್ದುದನ್ನು ನೋಡಿ ನನಗೂ ಅದು ಹೊಸದಾಯಿತು.

ಪೂಜೆ ಬಿಟ್ಟ ಮೇಲೆ ಅಂಗಳದಲ್ಲಿ ಮಾತು ಕಾಲುವೆ ನೀರಿನದು, ಕಾರ್ಖಾನೆಯಿಂದ ಬರಬೇಕಾದ ಕಬ್ಬಿನ ದುಡ್ಡಿನದು. ಹಿರಿಯ ರೈತರೊಬ್ಬರು ನನ್ನನ್ನು ಕರೆದು ಕೂರಿಸಿಕೊಂಡರು. “ನಾವು ಹುಡುಗ್ರಾಗಿದ್ದಾಗ ಸ್ವಾಮಿಗಳು ನಮ್ಗೆ ಬೆನ್ನು ಮಾಡ್ಕೊಂಡು ಲ್ಯಾಟಿನ್‌ನಲ್ಲಿ ಪೂಜೆ ಮಾಡೋರು. ಒಂದು ಮಾತೂ ತಿಳೀತಿರ್ಲಿಲ್ಲ. ನಮ್ಮವ್ವದೀರು ಅವರ ಪಾಡಿಗೆ ಅವರು ಕನ್ನಡದಲ್ಲಿ ಜಪಸರ ಮಾಡ್ಕೊಂಡು ಕೂತಿರೋರು. ಗಂಟೆ ಹೊಡೆದಾಗ ತಲೆ ಬಗ್ಗಿಸೋದು, ಅಷ್ಟೇಯ.” 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಜನರ ಭಾಷೆಯಲ್ಲಿ ಪೂಜೆಗೆ ಒಪ್ಪಿಗೆ ಕೊಟ್ಟಿತು. ಪುಸ್ತಕಗಳಲ್ಲಿ ಅದನ್ನು ದೊಡ್ಡ ತಿರುವು ಎಂದು ಬರೆಯುತ್ತಾರೆ, ಅದು ನಿಜವೂ ಹೌದು. ಆದರೆ ಈ ಅವ್ವಂದಿರು ಅದಕ್ಕೂ ಎಷ್ಟೋ ತಲೆಮಾರು ಮೊದಲೇ ತಮ್ಮ ದೇವರ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಗುರುಗಳೇ ಇಲ್ಲದ ಕಾಲದಲ್ಲಿ, ಸಂಜೆ ದೀಪ ಹಚ್ಚಿ ಮಕ್ಕಳಿಗೆ ಜಪ ಬಾಯಿಪಾಠ ಮಾಡಿಸಿದವರು ಇಂಥವರೇ. ದುಬಾಯ್ ಅವರ ಲೆಕ್ಕದಲ್ಲಿ ಅವರು ಸೇರಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಹೊಸದಾಗಿ ಎಷ್ಟು ಮಂದಿ ಬಂದರು, ಎಷ್ಟು ಮಂದಿ ಬಿಟ್ಟುಹೋದರು ಎಂದು ಅವರು ಎಣಿಸಿದರು. ಅಡುಗೆಮನೆಯಲ್ಲಿ ಉಳಿದುಬಂದದ್ದು ಎಣಿಕೆಗೆ ಸಿಗುವಂಥದ್ದಲ್ಲ.

ಕೃಷ್ಣರಾಜನಗರದ ಹತ್ತಿರದ ದೋರನಹಳ್ಳಿಗೆ ಮಂಗಳವಾರವೇ ಹೋಗಬೇಕು, ಅದು ಸಂತ ಅಂತೋಣಿಯವರ ವಾರ. ಊರಿನವರು ಹೇಳುವ ಕಥೆ ಹೀಗೆ: ಇನ್ನೂರು ವರ್ಷದ ಹಿಂದೆ ಒಬ್ಬ ರೈತ ಹೊಲ ಉಳುತ್ತಿದ್ದಾಗ ನೇಗಿಲಿಗೆ ಒಂದು ಮರದ ಪ್ರತಿಮೆ ಸಿಕ್ಕಿತು. ಗೊಂಬೆ ಎಂದುಕೊಂಡು ಮಕ್ಕಳಿಗೆ ಆಡಲು ಕೊಟ್ಟ. ಆಮೇಲೆ ಮನೆಗೆ ಕಷ್ಟಗಳು ಬಂದವು, ಕನಸಿನಲ್ಲಿ ನಿಲುವಂಗಿ ತೊಟ್ಟ ಸನ್ಯಾಸಿಯೊಬ್ಬ ಕಾಣಿಸಿಕೊಂಡ, ಕಡೆಗೆ ಪ್ರತಿಮೆಯ ಗುರುತು ಹತ್ತಿ ಗುಡಿ ಎದ್ದಿತು. ಹುತ್ತದಲ್ಲಿ ಹಾಲು ಸುರಿಸಿದ ಹಸು, ನೇಗಿಲ ಮೊನೆಗೆ ತಾಗಿದ ಲಿಂಗ, ಕನಸಿನಲ್ಲಿ ಬಂದು ಗುಡಿ ಕಟ್ಟೆಂದ ಅಮ್ಮ, ಇಂಥ ಕಥೆಯಿಲ್ಲದ ಹಳ್ಳಿ ನಮ್ಮಲ್ಲಿ ಯಾವುದಿದೆ? ಲಿಸ್ಬನ್ನಿನಲ್ಲಿ ಹುಟ್ಟಿ 1231ರಲ್ಲಿ ಪಡುವಾ ಪಟ್ಟಣದ ಬಳಿ ತೀರಿಕೊಂಡ ಸಂತ, ಈ ಕಥೆಯಿಂದಾಗಿ ದೋರನಹಳ್ಳಿಯ ಕೆಮ್ಮಣ್ಣಿನಲ್ಲೇ ಹುಟ್ಟಿದವನಾದ. 2019ರಲ್ಲಿ ಪೋಪ್ ಫ್ರಾನ್ಸಿಸ್ ಕಾಲದಲ್ಲಿ ಈ ಚರ್ಚಿಗೆ ಬೆಸಿಲಿಕಾ ಎಂಬ ಪದವಿ ಬಂತು. ಜೂನ್ 13ರ ಹಬ್ಬಕ್ಕೆ ಬರುವ ಜನ ಮಾತ್ರ ಪದವಿ ಕೇಳಿ ಬರುವವರಲ್ಲ.

ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ ಎಂದು ಅಂತೋಣಿಯವರಿಗೆ ಹೆಸರು. ಮೇಣದ ಬತ್ತಿ ಹಚ್ಚುವ ಕಡೆ ಹಣೆತುಂಬ ಕುಂಕುಮ ಇಟ್ಟಿದ್ದ ಒಬ್ಬರು ಅಜ್ಜಿ ನನ್ನ ಜೇಬಿನ ಪೆನ್ನು ನೋಡಿ ಹತ್ತಿರ ಬಂದರು. ಕೈಯಲ್ಲೊಂದು ನೋಟ್‌ಬುಕ್ಕಿನ ಹಾಳೆ, ನಾಲ್ಕು ಮಡಿಕೆಯದು.

“ಮಗಾ, ಒಸಿ ಬರ್ಕೊಡಪ್ಪ. ನಂಗೆ ಓದು ಬರಾಕಿಲ್ಲ.”

“ಏನಂತ ಬರೀಲಿ ಅಜ್ಜಿ?”

“ಮೊಮ್ಮಗ ಬೆಂಗ್ಳೂರ್ಗೆ ಗಾರೆ ಕೆಲ್ಸಕ್ಕೆ ಹೋದೋನು, ದೀಪಾವಳಿಯಿಂದ ಫೋನಿಲ್ಲ. ಬರ್ದಿದ್ರೂ ಬ್ಯಾಡ, ಒಂದ್ ಫೋನ್ ಮಾಡ್ಲಿ ಅಂತ ಬರಿ.”

ಬರೆದೆ. ಕೆಳಗೆ ಅವರ ಹೆಸರು, ಊರು ಹಾಕಿದೆ. ಓದಿ ಹೇಳಿಸಿಕೊಂಡು ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು. “ನಾವು ಮಾದಪ್ಪನ ಒಕ್ಲು. ಅದ್ನೂ ಬರೀಬೇಕಾ?”

“ಬೇಡ ಅಜ್ಜಿ, ಇಲ್ಲಿ ಯಾರೂ ಕೇಳಲ್ಲ.”

“ಬರೀ. ಯಾರ ಮನೆ ಮಗ ಅಂತ ಗೊತ್ತಾಗ್ಲಿ. ಇವ್ನೂ ಹುಡುಕ್ಲಿ, ಅವ್ನೂ ಹುಡುಕ್ಲಿ.”

ಅದನ್ನೂ ಬರೆದುಕೊಟ್ಟೆ. ಅಜ್ಜಿ ಚೀಟಿಯನ್ನು ಕಣ್ಣಿಗೊತ್ತಿಕೊಂಡು ಸಂತನ ಪಾದದ ಹತ್ತಿರ ಇಟ್ಟರು. ಧರ್ಮ ಧರ್ಮಗಳ ನಡುವಿನ ಮಾತುಕತೆ ಎಂದು ನಾವು ವೇದಿಕೆಗಳಲ್ಲಿ ಎಷ್ಟೋ ಭಾಷಣ ಕೇಳಿದ್ದೇವೆ. ಆ ಹಾಳೆಯ ಮೇಲಿನ ಮೂರು ಸಾಲಿನಷ್ಟು ನೇರವಾದದ್ದನ್ನು ನಾನು ಯಾವ ವೇದಿಕೆಯಲ್ಲೂ ಕೇಳಿಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತು ರಾಜ್ಯದ ಬೇರೆಡೆಗಳಲ್ಲಿ ಚರ್ಚುಗಳ ಮೇಲೆ ದಾಳಿ ನಡೆದಾಗ ನಮ್ಮ ಮನೆಗಳಲ್ಲಿ ಹೊಕ್ಕ ಭಯ ಇನ್ನೂ ಪೂರ್ತಿ ಹೋಗಿಲ್ಲ. ದೋರನಹಳ್ಳಿಯ ಸಾಲಿನಲ್ಲಿ ನಿಂತಾಗ ಆ ಭಯಕ್ಕೆ ಉತ್ತರ ಇಲ್ಲಿದೆ ಎನ್ನಿಸಿತು.

ಹಾಸನದ ಕಡೆಗೆ ತಿರುಗಿದೆ. ಅಲ್ಲಿನ ಸಾತಳ್ಳಿ ದುಬಾಯ್ ನೆಲೆಗೊಳಿಸಿದ ರೈತರ ಊರು, ಸುತ್ತಲಿನ ಕ್ರೈಸ್ತ ಹಳ್ಳಿಗಳಿಗೆಲ್ಲ ಹಿರಿಯಣ್ಣ. ಆಲೂಗಡ್ಡೆ, ಶುಂಠಿ, ಜೋಳದ ಹೊಲಗಳು. ಗೋರಿಗಳ ಮೇಲೆ ಚೌರಪ್ಪ, ಇನ್ನಾಸಪ್ಪ, ರಾಯಪ್ಪ, ಲೂರ್ದಮ್ಮ, ಜ್ಞಾನಮ್ಮ ಎಂಬ ಹೆಸರುಗಳು. ಅಜ್ಜನ ಹೆಸರು ಮೊಮ್ಮಗನಿಗೆ, ಮೊಮ್ಮಗನದು ಮತ್ತೆ ಅವನ ಮೊಮ್ಮಗನಿಗೆ. ಮಳೆಗೆ ಮುಂಚೆ ಹೊಲದಲ್ಲಿ ನಿಂತು ಗುರುಗಳಿಂದ ಬಿತ್ತನೆ ಬೀಜಕ್ಕೆ ಆಶೀರ್ವಾದ ಮಾಡಿಸಿಕೊಳ್ಳುತ್ತೇವೆ ಎಂದು ಹೇಳಿದ ಯುವಕ ಅದೇ ಉಸಿರಿನಲ್ಲಿ ಶುಂಠಿಯ ಕೊಳೆರೋಗಕ್ಕೆ ಯಾವ ಔಷಧಿ ಒಳ್ಳೆಯದೆಂದೂ ವಿಚಾರಿಸಿದ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮೈಸೂರು ಗೆಜೆಟಿಯರ್ ಬರೆದ ಬಿ. ಎಲ್. ರೈಸ್ ಅವರ ಕಾಲಕ್ಕೂ ಈ ಭಾಗದ ಕ್ರೈಸ್ತರು ತಮ್ಮ ಹಳೆಯ ಜಾತಿಯ ಕಟ್ಟುಕಟ್ಟಳೆಗಳನ್ನು ಉಳಿಸಿಕೊಂಡಿದ್ದರು. ದುಬಾಯ್ ಜಾತಿಯನ್ನು ಒಡೆಯಲು ಹೋಗಲಿಲ್ಲ, ಅದರ ಜೊತೆ ಹೊಂದಿಕೊಂಡರು. ಆ ಕಾಲಕ್ಕೆ ಅದು ಜಾಣತನ ಅನ್ನಿಸಿರಬಹುದು. ಅದರ ಬೆಲೆಯನ್ನು ದಲಿತ ಕ್ರೈಸ್ತರು ಇಂದಿಗೂ ಕೊಡುತ್ತಿದ್ದಾರೆ. ದಕ್ಷಿಣ ಭಾರತದ ಎಷ್ಟೋ ಕಡೆ ಬೇರೆ ಸಾಲು, ಬೇರೆ ಸ್ಮಶಾನ ಇದ್ದದ್ದು ಗುಟ್ಟೇನಲ್ಲ, ಮದುವೆಯ ಮಾತು ಬಂದರೆ ಜಾತಿ ಈಗಲೂ ಎದ್ದು ಕೂರುತ್ತದೆ. ಇನ್ನೊಂದು ಕಡೆಯಿಂದ ಸರ್ಕಾರದ ಕಾನೂನು. 1950ರ ಪರಿಶಿಷ್ಟ ಜಾತಿಗಳ ಆದೇಶ 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು, ಕ್ರೈಸ್ತರಾದ ದಲಿತರು ಇನ್ನೂ ಹೊರಗೇ. ಒಂದೇ ಪರಮಪ್ರಸಾದ ಸ್ವೀಕರಿಸುವವರಲ್ಲಿ ಹೆಚ್ಚು ಕಡಿಮೆ ಎಣಿಸುವುದು ಪಾಪ. ಅದನ್ನು ಪಾಪವೆಂದೇ ನಮ್ಮ ಗುಡಿಗಳ ಒಳಗೆ ನಿಂತು ಹೇಳಬೇಕು. ಈ ನೆಲದ ಒಳ್ಳೆಯದನ್ನೆಲ್ಲ ನಮ್ಮದೆಂದು ಅಪ್ಪಿಕೊಳ್ಳುವವರು ಇದರ ಹೊಣೆಯನ್ನೂ ಹೊರಬೇಕಾಗುತ್ತದೆ.

ಹಾಸನದಿಂದ ಇಪ್ಪತ್ತು ಕಿಲೋಮೀಟರಿನಷ್ಟು ದೂರ ಶೆಟ್ಟಿಹಳ್ಳಿ. ಫ್ರೆಂಚ್ ಗುರುಗಳು 1860ರ ದಶಕದಲ್ಲಿ ಕಟ್ಟಿಸಿದ ಜಪಮಾಲೆ ಮಾತೆಯ ಚರ್ಚು ಅಲ್ಲಿ ಹೇಮಾವತಿಯ ಹಿನ್ನೀರಿನಲ್ಲಿದೆ. ಮಳೆಗಾಲದಲ್ಲಿ ಕಮಾನುಗಳ ತನಕ ನೀರು, ಬೇಸಿಗೆಯಲ್ಲಿ ಬಿರುಕುಬಿಟ್ಟ ಕೆರೆಯಂಗಳ. ಮೂಡಣ ಗಾಳಿಗೆ ಮೈಯೊಡ್ಡಿ ನಿಂತ ಆ ಗೋಡೆಗಳ ಗಾರೆ ಉದುರಿ ಕೆಂಪು ಇಟ್ಟಿಗೆ ಹೊರಬಿದ್ದಿದೆ. ಚಾವಣಿ ಯಾವತ್ತೋ ಹೋಗಿದೆ. ನಾನು ಹೋದ ದಿನ ಪೀಠವಿದ್ದ ಜಾಗದಲ್ಲಿ ಎರಡು ಎಮ್ಮೆ ಮಲಗಿದ್ದವು, ಕಮಾನಿನ ಕೆಳಗೆ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಜೋಡಿಗಳು ಸರದಿಗೆ ಕಾಯುತ್ತಿದ್ದರು. ಅವರ ಸಂತೋಷಕ್ಕೆ ನನ್ನ ತಕರಾರಿಲ್ಲ. ‘ಮುಳುಗುವ ಚರ್ಚು’ ಎಂದು ಊರೂರಿನಿಂದ ಬರುವವರು ಚರ್ಚನ್ನು ಮಾತ್ರ ಕಾಣುತ್ತಾರೆ, ಅದರ ಸುತ್ತ ಇದ್ದ ಊರನ್ನು ಯಾರೂ ಕೇಳುವುದಿಲ್ಲ ಎಂಬುದು ನನ್ನ ಕೊರಗು.

ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು ಮುಗಿದದ್ದು 1979ರಲ್ಲಿ. ನೀರು ನಿಂತಾಗ ಹೋದದ್ದು ಬರೀ ಗೋಪುರವಲ್ಲ. ಕಣಗಳು, ಬಾವಿಗಳು, ಹುಣಸೆ ಮರಗಳು, ಮಾರಮ್ಮನ ಗುಡಿಗಳು, ಗೋರಿಗಳು, ಎಲ್ಲ ಒಟ್ಟಿಗೆ ಹೋದವು. ಕೆಳಗಿನ ಬಯಲಿಗೆ ನೀರು ಸಿಗಲೆಂದು ಒಕ್ಕಲಿಗರೂ ದಲಿತರೂ ಕ್ರೈಸ್ತರೂ ಒಂದೇ ರೀತಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಗಂಟುಮೂಟೆ ಕಟ್ಟಿದರು. ಇದನ್ನು ಯೋಚಿಸುವಾಗ ನಾ. ಡಿಸೋಜರ ನೆನಪಾಗದೆ ಇರದು. ಸಾಗರದಲ್ಲಿ ಕೂತು ಶರಾವತಿಯ ಮುಳುಗಡೆಯವರ ಪಾಡನ್ನು ‘ಮುಳುಗಡೆ’, ‘ದ್ವೀಪ’ಗಳಲ್ಲಿ ಬರೆದವರು, 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ‘ದ್ವೀಪ’ದಲ್ಲಿ ಮನೆ ಬಿಡಲಾರದೆ ಒದ್ದಾಡುವವರು ಕ್ರೈಸ್ತರಲ್ಲ, ಬರೆದವರು ಕ್ರೈಸ್ತರು. ಮಲೆನಾಡಿನ ಓದುಗರು ಯಾರೂ ಅವರನ್ನು ‘ಮೂಲ ಎಲ್ಲಿ’ ಎಂದು ಕೇಳಲಿಲ್ಲ.

ಮೂಲದ ಪ್ರಶ್ನೆಗೆ ನನ್ನಲ್ಲಿ ಈಗ ಉತ್ತರವಿದೆ. ನಮ್ಮವರ ಗೋರಿಗಳು ಸಾತಳ್ಳಿಯಲ್ಲಿವೆ, ನಮ್ಮವರ ಹೊಲಗಳು ಹೇಮಾವತಿಯ ಕೆಳಗಿವೆ. ದುಬಾಯ್ 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು, ಮತ್ತೆ ಈ ಕಡೆ ಬರಲಿಲ್ಲ. ಅವರು ತಮ್ಮ ತೀರ್ಪು ಬರೆದು ಇನ್ನೂರು ವರ್ಷ ಕಳೆದಿದೆ. ಆ ತೀರ್ಪು ತಪ್ಪಾಗಿತ್ತು.

ಶೆಟ್ಟಿಹಳ್ಳಿಗೆ ಹೋಗುವವರಲ್ಲಿ ನನ್ನದೊಂದು ಕೋರಿಕೆ. ಗೋಡೆಗಳ ಮೇಲೆ ಹೆಸರು ಗೀಚಬೇಡಿ, ಸಡಿಲಗೊಂಡ ಕಮಾನು ಹತ್ತಬೇಡಿ, ಬಾಟಲಿ ಬಿಸಾಡಬೇಡಿ. ಸಾಧ್ಯವಾದರೆ ಭಾನುವಾರ ಬೆಳಿಗ್ಗೆಯೇ ಹೊರಟು, ಹಾಸನದ ಸುತ್ತಲಿನ ಹಳ್ಳಿಯ ಯಾವುದಾದರೊಂದು ಚರ್ಚಿಗೆ ಮೊದಲು ಹೋಗಿ. ಪೂಜೆ ಕನ್ನಡದಲ್ಲೇ ನಡೆಯುತ್ತದೆ. ಯಾರು ಬೇಕಾದರೂ ಬಂದು ಕೂರಬಹುದು.